ಕೊರಳೆಲುಬಿನ ಮೇಲಿನ ನೆರಳು

ಜೂನ್ ೩, ಸೋಮವಾರ

ಇಂದು ನೂರ ಹನ್ನೆರಡು ಎಕ್ಸ್-ರೇ ಚಿತ್ರಗಳನ್ನು ಓದಿದೆ. ಮೂವತ್ತಕ್ಕೂ ಹೆಚ್ಚು ಮಂಕಾಗಿದ್ದವು. ಚಿತ್ರ ತೆಗೆಯುವ ಉಸಿರಪ್ಪನನ್ನು ಕರೆದು ಕೇಳಿದರೆ, "ಯಂತ್ರ ಅದೇ, ಫಿಲ್ಮೂ ಅದೇ, ತೊಳೆಯೋ ನೀರೂ ಅದೇ ಸಾರ್" ಎಂದ. ಎಲ್ಲವೂ ಅದೇ ಆಗಿದ್ದರೆ ಚಿತ್ರ ಮಾತ್ರ ಬೇರೆಯಾಗುವುದು ಹೇಗೆ? ಹದಿನೆಂಟು ವರ್ಷಗಳಿಂದ ಯಂತ್ರದ ಪಕ್ಕದಲ್ಲಿ ನಿಂತು "ಉಸಿರು ಎಳ್ಕೊಳ್ಳಿ, ಹಿಡ್ಕೊಳ್ಳಿ, ಬಿಡಿ" ಎಂದು ಕೂಗಿ ಕೂಗಿ ಅವನಿಗೆ ಆ ಹೆಸರು ಅಂಟಿಕೊಂಡಿದೆ. ಈಗ ಕೆಲಸವೂ ಆ ಕೂಗಿನಂತೆಯೇ ಆಗಿದೆ, ಬಾಯಿ ಒಂದೆಡೆ, ಮನಸ್ಸು ಇನ್ನೊಂದೆಡೆ.

ಬೆಳಕಿನ ಪೆಟ್ಟಿಗೆಯ ಕೊಳವೆದೀಪಗಳನ್ನು ಬದಲಿಸಬೇಕೆಂದು ಮೂರನೆಯ ಸಲ ಬರೆದು ಕೊಟ್ಟೆ. ಬದಲಿಸಿ ಹದಿನೈದು ದಿನವಾಯಿತೆಂದು ಉತ್ತರ ಬಂತು. ಸುಳ್ಳು ಹೇಳುವುದಕ್ಕೂ ಒಂದು ಅಂದಚೆಂದ ಇರಬೇಕು.

ನಿವೃತ್ತನಾಗಿ ಆರು ವರ್ಷವಾದರೂ ಈ ಎದೆರೋಗದ ಆಸ್ಪತ್ರೆ ನನ್ನನ್ನು ಬಿಟ್ಟಿಲ್ಲ. ವರ್ಷ ವರ್ಷವೂ ಜುಲೈ ಕೊನೆಗೆ ಮರುನೇಮಕದ ಆದೇಶ ಬರುತ್ತದೆ. ಈ ವರ್ಷ ನನ್ನ ಪಕ್ಕಕ್ಕೊಂದು ಕುರ್ಚಿ ಹಾಕಿ ಕಿರಿಯ ವೈದ್ಯೆಯೊಬ್ಬಳನ್ನು ಕೂರಿಸಿದ್ದಾರೆ. ಅವಳು ಯಾವ ಕುರ್ಚಿಗಾಗಿ ಬಂದವಳೆಂದು ಯಾರೂ ನನಗೆ ಬಿಡಿಸಿ ಹೇಳಬೇಕಾಗಿಲ್ಲ.

ವರದಿಯಾದ ಮೇಲೆ ಚಿತ್ರಗಳನ್ನು ಬಿಳಿಯ ಲಕೋಟೆಗೆ ಸೇರಿಸಿ ಕಂದು ಲಕೋಟೆಗಳನ್ನು ಎಸೆಯುತ್ತಾರೆ. ಎಂದಿನಂತೆ ಒಂದು ಕಟ್ಟು ಮನೆಗೆ ತಂದೆ. ಹೊಲಿಗೆಯ ಅಳತೆ ಕತ್ತರಿಸಲು ನನ್ನಾಕೆಗೆ ಆ ದಪ್ಪ ಕಾಗದವೇ ಆಗಬೇಕು. ಸೂಜಿಗೆ ದಾರ ಪೋಣಿಸಿಕೊಡಿ ಎಂದಳು. ಮದುವೆಯಾದಂದಿನಿಂದ ಆ ಕೆಲಸ ನನ್ನದು. ಈಗಿನ ಸೂಜಿಗಳ ಕಣ್ಣು ಸರಿಯಾಗಿ ಕೊರೆದಿರುವುದಿಲ್ಲ. ನಾಲ್ಕು ಸಲ ಪ್ರಯತ್ನಿಸಿ, ಒಳ್ಳೆಯ ಸೂಜಿ ತರಿಸು ಎಂದು ಹೇಳಿ ಎದ್ದೆ.

ಜೂನ್ ೬, ಗುರುವಾರ

ಚಿತ್ರ ಓದುವುದಕ್ಕೆ ಒಂದು ಕ್ರಮವಿದೆ. ಮೊದಲು ಹೆಸರು, ದಿನಾಂಕ, ಎಡಬಲದ ಗುರುತು. ಅನಂತರ ಶ್ವಾಸನಾಳ ನಡುವಿನಲ್ಲಿದೆಯೇ, ಎಲುಬುಗಳು ನೆಟ್ಟಗಿವೆಯೇ, ಹೃದಯ ಎಷ್ಟು ಅಗಲ, ಎದೆಯನ್ನೂ ಹೊಟ್ಟೆಯನ್ನೂ ಬೇರ್ಪಡಿಸುವ ವಪೆಯ ಎರಡು ಗುಮ್ಮಟಗಳು ತಮ್ಮ ಎತ್ತರದಲ್ಲಿವೆಯೇ ಎಂದು ನೋಡಬೇಕು. ಶ್ವಾಸಕೋಶ ಕಟ್ಟಕಡೆಗೆ. ಕಣ್ಣು ಮೊದಲು ಅಲ್ಲಿಗೇ ಓಡುತ್ತದೆ, ಓಡಲು ಬಿಡಬಾರದು. ನೀರು ತುಂಬಿದರೆ ವಪೆಯ ಮೂಲೆಯ ಚೂಪು ಮೊಂಡಾಗುತ್ತದೆ. ನ್ಯುಮೋನಿಯಾ ಶ್ವಾಸಕೋಶದ ಒಂದು ಹಾಲೆಗೆ ಸುಣ್ಣ ಬಳಿದು ಬಿಡುತ್ತದೆ. ಹೊಗೆ ಸೇದಿ ಸವೆದವರ ವಪೆ ತಟ್ಟೆಯಂತೆ ಚಪ್ಪಟೆಯಾಗುತ್ತದೆ. ಇಷ್ಟನ್ನು ನಲವತ್ತು ವರ್ಷ ಎಷ್ಟು ಮಂದಿಗೆ ಕಲಿಸಿದ್ದೇನೆ! ಈ ಕಿರಿಯ ವೈದ್ಯೆಗೂ ಕಲಿಸಿದೆ. ತಲೆಯಾಡಿಸುತ್ತ ಕೇಳಿಸಿಕೊಂಡಳು.

ಕೇಳಿಸಿಕೊಂಡವಳು ಮಾಡಿದ್ದೇನು? ಮೂಟೆ ಹೊರುವವನೊಬ್ಬ ಎದೆ ಚುಚ್ಚುತ್ತದೆಂದು ಬಂದಿದ್ದ. ಚಿತ್ರ ಸಹಜವಾಗಿದೆಯೆಂದು ನಾನು ಬರೆದೆ. ಅವಳು ಅವನನ್ನು ಔಷಧದ ಸಾಲಿನಿಂದ ವಾಪಸು ಕರೆಸಿ, ಉಸಿರು ಪೂರ್ತಿ ಬಿಡಿಸಿ, ಮತ್ತೊಂದು ಚಿತ್ರ ತೆಗೆಸಿದಳು. ಶ್ವಾಸಕೋಶದ ಹೊರಗೆ ಗಾಳಿ ಸೇರಿ ಅದು ಕುಗ್ಗಿತ್ತಂತೆ. ಅಂಚಿನಲ್ಲಿ ಕೂದಲೆಳೆಯಂಥ ಗೆರೆ ಇತ್ತಂತೆ. ಎದೆಗೆ ಕೊಳವೆ ಹಾಕಿದರು, ಬದುಕಿಕೊಂಡ. ಎರಡನೆಯ ಚಿತ್ರದಲ್ಲಿ ಕಂಡ ಗೆರೆ ಮೊದಲನೆಯದರಲ್ಲಿಯೂ ಇತ್ತೆಂದು ಯಾರು ಹೇಳಬೇಕು? ಕುರುಡು ಅದೃಷ್ಟ.

"ನನ್ನನ್ನು ಕೇಳಬೇಕೆಂದು ತೋರಲಿಲ್ಲವೆ?" ಎಂದೆ.

"ಕೇಳ್ತಾ ನಿಂತಿದ್ರೆ ಅವನು ಬಸ್ಸು ಹತ್ತಿಬಿಡ್ತಿದ್ದ ಸಾರ್" ಎಂದಳು.

ಜೂನ್ ೧೦, ಸೋಮವಾರ

ಅಧೀಕ್ಷಕರು ನನ್ನ ಹಳೆಯ ವಿದ್ಯಾರ್ಥಿ. ನಾನೇ ಬರೆದುಕೊಂಡು ಹೋಗಿದ್ದ ಆದೇಶಕ್ಕೆ ಎದುರು ಮಾತಿಲ್ಲದೆ ಸಹಿ ಹಾಕಿದರು: ಸಹಿಯಾದ ವರದಿಯನ್ನು ಸಹಿ ಮಾಡಿದವರ ಹೊರತು ಬೇರಾರೂ ಪುನಃ ತೆರೆಯತಕ್ಕದ್ದಲ್ಲ. ಗೋಡೆಗೆ ಅಂಟಿಸಿದ್ದಾಯಿತು.

ಅದನ್ನು ಓದಿ ಮುಗಿಸಿ ಕಿರಿಯ ವೈದ್ಯೆ ಒಳಗೆ ಬಂದು ಬಾಗಿಲು ಮುಂದೆ ಮಾಡಿದಳು. "ಬೇಜಾರು ಮಾಡ್ಕೋಬೇಡಿ ಸಾರ್. ಒಂದ್ಸಲ ಕಣ್ಣಿನ ಡಾಕ್ಟರ ಹತ್ರ ತೋರಿಸಿದ್ರೆ..."

"ನನ್ನ ಕಣ್ಣು ನಿನಗಿಂತ ನಲವತ್ತು ವರ್ಷ ಹಿರಿಯದು" ಎಂದೆ.

"ಅದಕ್ಕೇ ಹೇಳಿದ್ದು" ಎಂದು ಹೊರಟುಹೋದಳು. ನಾಲಗೆ ಉದ್ದ.

ಜೂನ್ ೧೪, ಶುಕ್ರವಾರ

ಇಂದು ನೂರ ಮೂವತ್ತು ಚಿತ್ರ. ಮಧ್ಯಾಹ್ನದ ಹೊತ್ತಿಗೆ ತಲೆ ಸಿಡಿಯುತ್ತಿತ್ತು. ಉಸಿರಪ್ಪನಿಗೆ ಲಕೋಟೆಗಳ ಮೇಲೆ ಪೆನ್ಸಿಲಿನಲ್ಲಿ ಗೀಚುವ ಅಭ್ಯಾಸವಿದೆ. ರೋಗಿ ಅಲುಗಾಡಿದ, ಸರ ತೆಗೆಯಲಿಲ್ಲ, ಹೀಗೆ ಏನಾದರೊಂದು. ನಾನೇ ಕಲಿಸಿದ ಪದ್ಧತಿ. ಆದರೆ ಇತ್ತೀಚೆಗೆ ಅವನ ಅಕ್ಷರ ಕೋಳಿ ಕೆದರಿದಂತಾಗಿದೆ. ಇಂದು ಒಂದೆರಡರ ಮೇಲೆ ಏನೋ ಗೀಚಿದ್ದ. ಓದುವ ಗೋಜಿಗೆ ಹೋಗಲಿಲ್ಲ.

ನೋಂದಣಿ ಸಂಖ್ಯೆ ಇನ್ನೂರ ಹದಿನಾಲ್ಕು, ಶಿಶುವಿಹಾರದ ಶಿಕ್ಷಕಿಯೊಬ್ಬಳು, ಇಪ್ಪತ್ತಾರು ವರ್ಷ, ಮೂರು ವಾರದ ಕೆಮ್ಮು. ಬಲಗಡೆ ಕೊರಳೆಲುಬಿನ ಹತ್ತಿರ ಎಳೆಎಳೆಯಾದ ನೆರಳು. ಕ್ಷಯ ಎಂದು ಬರೆದೆ. ಕಫದಲ್ಲಿ ಕ್ರಿಮಿ ಸಿಕ್ಕಿಲ್ಲವಲ್ಲ ಎಂದು ಹೊರರೋಗಿ ವಿಭಾಗದ ವೈದ್ಯರು ಫೋನಿನಲ್ಲಿ ಹಿಂಜರಿದರು. "ಕಫ ತಪ್ಪಿಸಿಕೊಳ್ಳಬಹುದು, ನೆರಳು ಸುಳ್ಳು ಹೇಳುವುದಿಲ್ಲ. ಔಷಧ ಶುರು ಮಾಡಿ" ಎಂದೆ. ಅನುಭವಕ್ಕೆ ಬೆಲೆ ಕೊಡುವವರು ಇನ್ನೂ ಕೆಲವರಿದ್ದಾರೆ.

ಕಿರಿಯ ವೈದ್ಯೆ ತನ್ನ ಮೇಜಿನಿಂದ ಏಳಲಿಲ್ಲ. ಗೋಡೆಯ ಆದೇಶ ಚೆನ್ನಾಗಿ ಕೆಲಸ ಮಾಡುತ್ತಿದೆ.

ಜೂನ್ ೨೭, ಗುರುವಾರ

ಬರೆಯುವಂಥದ್ದೇನೂ ಇಲ್ಲ. ಮೆಟ್ಟಿಲಿನ ಕೊನೆಯ ಹಂತ ಇದೆಯೆಂದುಕೊಂಡಲ್ಲಿ ಇರಲಿಲ್ಲ, ಮೊಣಕಾಲು ತರಚಿದೆ. ನನ್ನಾಕೆ ತಂತಿಯ ಕುಣಿಕೆಯೊಂದನ್ನು ಕೊಂಡು ತಂದು ದಾರವನ್ನು ತಾನೇ ಪೋಣಿಸಿಕೊಳ್ಳುತ್ತಿದ್ದಾಳೆ. ನನ್ನನ್ನು ಕೇಳಲಿಲ್ಲ.

ಈ ದಿನಚರಿಯ ಗೆರೆಗಳನ್ನು ಮುದ್ರಕರು ಇಷ್ಟು ತೆಳುವಾಗಿ ಹಾಕಬಾರದಿತ್ತು. ದಪ್ಪ ಮೊನೆಯ ಲೇಖನಿ ತರಿಸಿದ್ದೇನೆ.

ಜುಲೈ ೮, ಸೋಮವಾರ

ಆ ಶಿಕ್ಷಕಿಯನ್ನು ವಾರ್ಡಿಗೆ ಸೇರಿಸಿದ್ದಾರೆ. ಕಾಮಾಲೆ. ಕಣ್ಣು, ಉಗುರು ಎಲ್ಲವೂ ಹಳದಿಯಂತೆ, ಹೊಟ್ಟೆಯಲ್ಲಿ ನೀರೂ ನಿಲ್ಲುತ್ತಿಲ್ಲವಂತೆ. ಕ್ಷಯದ ಮಾತ್ರೆಗಳು ನೂರರಲ್ಲಿ ಕೆಲವರ ಯಕೃತ್ತನ್ನು ಕೆಡಿಸುತ್ತವೆ, ಅದು ಗೊತ್ತಿರುವ ಸಂಗತಿಯೇ. ಮಾತ್ರೆ ನಿಲ್ಲಿಸಿ ಕಾಯುತ್ತಿದ್ದಾರೆ. ಇದರಲ್ಲಿ ಚಿತ್ರ ಓದಿದವನ ಪಾತ್ರವಿಲ್ಲ.

ಜುಲೈ ೧೦, ಬುಧವಾರ

ಕಿರಿಯ ವೈದ್ಯೆ ಆ ಚಿತ್ರವನ್ನು ತಂದು ನನ್ನ ಪೆಟ್ಟಿಗೆಗೆ ಸಿಕ್ಕಿಸಿದಳು. "ನಿಮ್ಮ ವರದಿ ನೀವೇ ತೆರೀಬೇಕಂತ ಆದೇಶ ಇದೆ. ತೆರೀರಿ ಸಾರ್" ಎಂದಳು.

"ನೆರಳು ಅಲ್ಲಿಯೇ ಇದೆಯಲ್ಲ" ಎಂದೆ.

"ಇದೆ. ಎಲ್ಲಿಗೆ ಹೋಗುತ್ತೆ ನೋಡಿ."

ಭೂತಗನ್ನಡಿ ಕೈಗಿತ್ತಳು. ನಾನು ಕಾಣುವುದಿಲ್ಲವೆಂದು ಹೇಳಲಿಲ್ಲ, ಕಾಣುತ್ತದೆಂದೂ ಹೇಳಲಿಲ್ಲ. ಅವಳು ನನ್ನ ತೋರುಬೆರಳನ್ನು ಹಿಡಿದು ಚಿತ್ರದ ಮೇಲೆ ನಡೆಸಿದಳು. ಶ್ವಾಸಕೋಶದ ತುದಿಯಿಂದ ಮೇಲಕ್ಕೆ, ಕೊರಳೆಲುಬನ್ನು ದಾಟಿ, ಶ್ವಾಸಕೋಶವೇ ಇಲ್ಲದ ಕುತ್ತಿಗೆಯ ಮಾಂಸದವರೆಗೆ. ತಲೆಯನ್ನು ಓರೆ ಮಾಡಿದಾಗ ನನಗೂ ಕಂಡಿತು. ನೆರಳು ಅಂಚಿನಲ್ಲಿ ನಿಂತಿಲ್ಲ. ಹೆಣೆದುಕೊಂಡು ಮೇಲೆ ಹೋಗಿದೆ.

ಜಡೆ.

ಎದೆಯ ಚಿತ್ರ ತೆಗೆಯುವಾಗ ಜಡೆಯನ್ನು ತಲೆಯ ಮೇಲೆ ಎತ್ತಿ ಕಟ್ಟಬೇಕು. ಕಟ್ಟದಿದ್ದರೆ ಭುಜದ ಮೇಲೆ ಬಿದ್ದ ಜಡೆ ಕ್ಷಯದ ವೇಷ ಹಾಕುತ್ತದೆ. ಶ್ವಾಸಕೋಶದ ಅಂಚನ್ನು ದಾಟಿದ ನೆರಳು ಶ್ವಾಸಕೋಶದ್ದಲ್ಲ. ಮೊದಲನೆಯ ವರ್ಷದ ಮಕ್ಕಳಿಗೆ ಮೊದಲನೆಯ ವಾರದಲ್ಲಿ ಹೇಳುವ ಪಾಠವಿದು. ಹೇಳುತ್ತಿದ್ದವನು ನಾನು.

"ಕೆಮ್ಮು?" ಎಂದೆ.

"ಉಬ್ಬಸ. ಸೀಮೆಸುಣ್ಣದ ಧೂಳು ಆಗಿಬರ್ತಿರಲಿಲ್ಲ. ಬಾಯಿಂದ ಎಳ್ಕೊಳ್ಳೋ ಔಷಧಿ ಕೊಟ್ಟಿದ್ರೆ ವಾರದಲ್ಲಿ ಹೋಗ್ತಿತ್ತು."

ಉಸಿರಪ್ಪ ಜಡೆ ಕಟ್ಟಿಸಿಲ್ಲ. ಮೂಲ ತಪ್ಪು ಅಲ್ಲಿಯೇ.

ಜುಲೈ ೧೧, ಗುರುವಾರ

ವಾರ್ಡಿಗೆ ಹೋಗಿದ್ದೆ. ಹೋಗಬೇಕಾಗಿರಲಿಲ್ಲ. ಆಕೆಯ ತಾಯಿ ನನ್ನನ್ನು ದೊಡ್ಡ ಡಾಕ್ಟರೆಂದು ತಿಳಿದು ಎದ್ದು ನಿಂತರು. ಮಲಗಿ ಮಲಗಿ ಕೂದಲು ಗಂಟುಗಟ್ಟಿತೆಂದು ದಾದಿಯರು ಕತ್ತರಿಸಿ ಹಾಕಿದರಂತೆ. "ಮೊಣಕಾಲುದ್ದ ಇತ್ತು ಸ್ವಾಮಿ, ನಾನೇ ಬೆಳೆಸಿದ್ದು" ಎಂದರು.

ಹುಡುಗಿ ಕ್ಷೀಣ ದನಿಯಲ್ಲಿ ಕೇಳಿದಳು. "ಸಾರ್, ನಾನು ಕೂಸುಗಳನ್ನ ಎತ್ಕೋತಿದ್ದೆ. ನನ್ನಿಂದ ಅವಕ್ಕೇನೂ ಹತ್ತಿಲ್ಲ ತಾನೇ?"

ಇಲ್ಲ ಎಂದೆ.

"ಮತ್ತೆ ಅವರಪ್ಪ ಅಮ್ಮ ಕಳಿಸ್ತಿಲ್ವಂತೆ. ಶಾಲೆಯವ್ರು ಬರಬೇಡ ಅಂದಿದಾರೆ. ನೀವೊಂದು ಚೀಟಿ ಬರ್ದುಕೊಟ್ರೆ ನಂಬ್ತಾರೆ."

ನೋಡೋಣ ಎಂದು ಬಂದೆ.

ಜುಲೈ ೧೫, ಸೋಮವಾರ

ವಿಚಾರಣೆ. ಅಧೀಕ್ಷಕರು, ಅವರ ಗುಮಾಸ್ತ, ನಾನು, ಉಸಿರಪ್ಪ. ತಾಯಿ ದೂರು ಕೊಟ್ಟಿದ್ದಾರೆ, ಮೇಲಿನವರಿಗೆ ಉತ್ತರ ಹೋಗಬೇಕು.

ಉಸಿರಪ್ಪ ಒಪ್ಪಿಕೊಂಡ. "ಅವತ್ತು ಗಲಾಟೆ ಸಾರ್, ಜಡೆ ಎತ್ತಿ ಕಟ್ಸಿದ್ದೆ, ಜಾರಿಬಿಟ್ಟಿತ್ತು. ಫಿಲ್ಮ್ ತೊಳೆದ್ಮೇಲೆ ನೋಡ್ದೆ. ಆದ್ರೆ ಕವರ್ ಮೇಲೆ ಬರ್ದಿದ್ನಲ್ಲ." ನನ್ನ ಕಡೆ ತಿರುಗಿದ. "ಬರ್ದಿದ್ದೆ ಸಾರ್. ನೀವು ಓದಿರ್ತೀರಿ."

"ನಾನು ಅಂಥದ್ದೇನನ್ನೂ ಓದಿಲ್ಲ" ಎಂದೆ. ಇದು ನಿಜ. ಅಕ್ಷರಶಃ ನಿಜ.

ಲಕೋಟೆ ಎಲ್ಲಿ ಎಂದು ಗುಮಾಸ್ತ ಕೇಳಿದ. ಕಂದು ಲಕೋಟೆ ಯಾರ ಬಳಿ ಉಳಿಯುತ್ತದೆ? ಜಡೆ ಕಟ್ಟಿರಲಿಲ್ಲ, ನಾನೂ ಗಮನಿಸಲಿಲ್ಲ ಎಂದು ಹೇಳಿಕೆ ಕೊಟ್ಟೆ. ಟೈಪು ಮಾಡಿ ತಂದು ಮುಂದಿಟ್ಟರು.

"ಓದಿ ಸಹಿ ಮಾಡಿ ಸಾರ್" ಎಂದ ಗುಮಾಸ್ತ.

ಇಷ್ಟು ಚಿಕ್ಕ ಅಕ್ಷರದಲ್ಲಿ ಟೈಪು ಮಾಡುವವರ ಕೈಗೆ ಏನು ಬಡಿದಿದೆಯೋ. ಮೂವರೂ ನನ್ನನ್ನೇ ನೋಡುತ್ತಿದ್ದರು. ಏನು ಬರೆದಿದೆ ಎಂದು ಕೇಳುವುದೇ, ಅದೂ ಮರುನೇಮಕದ ಈ ತಿಂಗಳಲ್ಲಿ? ಒಂದು ಪುಟ ಓದಲು ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ಹಿಡಿದುಕೊಂಡಿದ್ದೆ. ಮಧ್ಯೆ ಒಮ್ಮೆ ತಲೆಯಾಡಿಸಿದೆ. ಸಹಿ ಹಾಕಿದೆ. ನಾನು ಹೇಳಿದ್ದನ್ನೇ ಬರೆದಿರುತ್ತಾರೆ.

ಜುಲೈ ೨೨, ಸೋಮವಾರ

ಉಸಿರಪ್ಪನನ್ನು ಕೆಲಸದಿಂದ ತೆಗೆದುಹಾಕಿದ್ದಾರೆ. ಎಚ್ಚರಿಕೆ ಕೊಟ್ಟು ಬಿಡುತ್ತಾರೆಂದು ತಿಳಿದಿದ್ದೆ. ಕೊನೆಯ ದಿನ ನನ್ನ ಬಾಗಿಲಲ್ಲಿ ಬಂದು ನಿಂತನಂತೆ. ನಾನು ತಲೆಯೆತ್ತಲಿಲ್ಲವೆಂದು ವಾಪಸು ಹೋದನಂತೆ. ಯಾರೋ ನಿಂತಂತಿತ್ತು, ಯಾರೆಂದು ತಿಳಿಯಲಿಲ್ಲ.

ಅವನ ಜಾಗಕ್ಕೆ ಹೊಸಬನೊಬ್ಬ ಬಂದಿದ್ದಾನೆ. ಇವನು ತೆಗೆದ ಚಿತ್ರಗಳೂ ಮಂಕು.

ಜುಲೈ ೩೦, ಮಂಗಳವಾರ

ಮರುನೇಮಕದ ಆದೇಶ ಬಂತು. ಇನ್ನೊಂದು ವರ್ಷ. ವಿಚಾರಣೆಯ ಕಡತದ ಪ್ರತಿಯನ್ನೂ ಜೊತೆಗೆ ಕಳಿಸಿದ್ದಾರೆ. ಮನೆಗೆ ತಂದು ಮೇಜಿನ ಮೇಲಿಟ್ಟೆ.

"ಇನ್ನೊಂದು ವರ್ಷ ನನಗೆ ಮನೆಯಲ್ಲಿ ನೆಮ್ಮದಿ" ಎಂದು ನಕ್ಕಳು ನನ್ನಾಕೆ. ನೆಲದ ಮೇಲೆ ಕುಳಿತು ಕಂದು ಲಕೋಟೆಯೊಂದನ್ನು ಬಿಡಿಸಿ ಅಂಗಿಯ ತೋಳಿನ ಅಳತೆ ಕತ್ತರಿಸುತ್ತಿದ್ದಳು. ಕತ್ತರಿ ನಿಂತಿತು.

"ರೀ, ಇದೇನು, ನಿಮಗೆ ಬರ್ದಿರೋ ಓಲೆ? 'ಜಡೆ ಜಾರಿ ಭುಜದ ಮೇಲೆ ಬಿದ್ದಿದೆ, ಕ್ಷಮಿಸಿ ಸಾರ್. ಮತ್ತೆ ತೆಗೀಲಾ?' ಯಾರ ಜಡೆ ರೀ? ಈ ವಯಸ್ಸಲ್ಲಿ ನಿಮಗಿದೆಲ್ಲ ಬೇಕಾ?"

"ಸಂಖ್ಯೆ ಓದು" ಎಂದೆ.

"ಇನ್ನೂರ ಹದಿನಾಲ್ಕು."

"ದಿನಾಂಕ?"

"ಜೂನ್ ಹದಿನಾಲ್ಕು. ಅಕ್ಷರ ಎಷ್ಟು ದುಂಡಗಿದೆ ನೋಡಿ, ಮುತ್ತು ಪೋಣಿಸಿದ ಹಾಗೆ. ಯಾರದ್ದು?"

 ಮೇಜಿನ ಮೇಲಿದ್ದ ಕಡತವನ್ನು ತೋರಿಸಿ ನನ್ನ ಹೇಳಿಕೆಯನ್ನು ಓದು ಎಂದೆ.

"ನೀವೇ ಸಹಿ ಹಾಕಿದ್ದಲ್ವಾ? ನಿಮಗೆ ಗೊತ್ತಿಲ್ವಾ?"

"ಓದು."

ಓದಿದಳು. ಚಿತ್ರದೊಡನೆ ಯಾವುದೇ ಸೂಚನೆ ಇರಲಿಲ್ಲವೆಂದೂ, ಲಕೋಟೆಯನ್ನು ನಾನು ಖುದ್ದು ಪರಿಶೀಲಿಸಿರುವುದಾಗಿಯೂ, ಸದರಿ ತಂತ್ರಜ್ಞನ ನಿರ್ಲಕ್ಷ್ಯದ ಬಗ್ಗೆ ಹಿಂದೆ ಹಲವು ಬಾರಿ ಎಚ್ಚರಿಸಿರುವುದಾಗಿಯೂ ಈ ಮೂಲಕ ಪ್ರಮಾಣೀಕರಿಸುತ್ತೇನೆ. ಕೆಳಗೆ ನನ್ನ ಹೆಸರು. "ಸಹಿ ಗೆರೆ ಬಿಟ್ಟು ಕೆಳಗೆ ಹೋಗಿದೆ" ಎಂದಳು ಮೆಲ್ಲಗೆ. ನಗಲಿಲ್ಲ.

ಕಡತವನ್ನು ಮುಚ್ಚಿಟ್ಟು ಕೇಳಿದಳು. "ಎಷ್ಟು ದಿನದಿಂದ ಕಾಣ್ತಿಲ್ಲ?"

ಲಕೋಟೆಯ ತುಂಡನ್ನು ನನ್ನ ಕೈಗೆ ಕೊಟ್ಟಳು. ತೋಳಿನ ಆಕಾರಕ್ಕೆ ಒಂದು ಬದಿ ಕತ್ತರಿಸಿ ಆಗಿತ್ತು.

ಆಗಸ್ಟ್ ೧, ಗುರುವಾರ

ಬೆಳಗ್ಗೆ ಎಲ್ಲರಿಗಿಂತ ಮೊದಲು ಹೋಗಿ ಕಿರಿಯ ವೈದ್ಯೆಯ ಮೇಜಿನ ಎದುರು ಕುಳಿತೆ. ಆ ಮೇಜಿನ ಎದುರು ಇದುವರೆಗೆ ಕುಳಿತಿರಲಿಲ್ಲ. ಬಂದವರೇ ಏನಾಯಿತೆಂದು ಕೇಳಿದರು. ತುಂಡನ್ನು ಕೊಟ್ಟೆ. ಓದಿ ಮೇಜಿನ ಮೇಲಿಟ್ಟರು.

"ನಿಮಗೆ ಯಾವಾಗಿನಿಂದ ಗೊತ್ತು?" ಎಂದೆ.

"ಮೇ ತಿಂಗಳಿಂದ. ದಿನಾ ಸಾಯಂಕಾಲ ನೀವು ಹೋದ್ಮೇಲೆ ನಿಮ್ಮ ಚಿತ್ರಗಳನ್ನ ಮತ್ತೆ ನೋಡ್ತಿದ್ದೆ. ಉಸಿರಪ್ಪನೇ ತಂದುಕೊಡ್ತಿದ್ದ. ಜೂನ್ ಹತ್ತರಿಂದ ನಿಲ್ಲಿಸ್ದೆ."

ಗೋಡೆಯ ಕಡೆ ತೋರಿಸಬೇಕಾಗಿರಲಿಲ್ಲ, ತೋರಿಸಲೂ ಇಲ್ಲ.

ನಾನು ಹೇಳಿದೆ, ಅವರು ಬರೆದುಕೊಂಡರು. ಲಕೋಟೆಯ ಮೇಲೆ ಸ್ಪಷ್ಟ ಸೂಚನೆ ಇತ್ತು. ನನಗೆ ಅದು ಕಾಣಲಿಲ್ಲ, ಚಿತ್ರವೂ ಕಾಣಲಿಲ್ಲ. ಹಿಂದಿನ ಹೇಳಿಕೆಯನ್ನು ನಾನು ಓದದೆ ಸಹಿ ಮಾಡಿದ್ದೇನೆ. ಆ ಶಿಕ್ಷಕಿಗೆ ಕ್ಷಯ ಎಂದೂ ಇರಲಿಲ್ಲ. ಮುಗಿದ ಮೇಲೆ ಅವರು ಪೂರ್ತಿ ಓದಿ ಹೇಳಿದರು. ಒಂದು ಕಡೆ ವಾಕ್ಯ ಸಡಿಲವಾಗಿತ್ತು, ತಿದ್ದಿಸಲಿಲ್ಲ.

"ಎಲ್ಲಿ ಸಹಿ ಹಾಕಲಿ?"

ಅವರು ತೋರುಬೆರಳನ್ನು ಕಾಗದದ ಮೇಲಿಟ್ಟರು. ಬೆರಳಿನ ಪಕ್ಕದಲ್ಲಿ ಹಾಕಿದೆ.

ಆಗಸ್ಟ್ ೫, ಸೋಮವಾರ

ಕಣ್ಣಿನ ವಿಭಾಗದಲ್ಲಿ ಹೇಳಿದರು. ಅಕ್ಷಿಪಟದ ನಡುಭಾಗ ಸವೆದುಹೋಗಿದೆ, ಮರಳಿ ಬರುವಂಥದ್ದಲ್ಲ. ಅಂಚು ಉಳಿಯುತ್ತದೆ. ನೋಡಬೇಕೆಂದದ್ದು ಕಾಣುವುದಿಲ್ಲ, ಅದರ ಸುತ್ತ ಇರುವುದು ಕಾಣುತ್ತದೆ.

ಅಧೀಕ್ಷಕರು ನನ್ನ ಹೊಸ ಹೇಳಿಕೆಯನ್ನು ಓದಿ ಖಾನೆಗೆ ಹಾಕಿದರು. "ಕಡತ ಮುಗಿದುಹೋಗಿದೆ ಗುರುಗಳೇ. ಈಗ ಇದನ್ನ ಕಳಿಸಿದ್ರೆ ನಾಲ್ಕು ತಿಂಗಳ ಚಿತ್ರಗಳನ್ನೆಲ್ಲ ಮತ್ತೆ ನೋಡಿ ಅಂತಾರೆ. ಆರೋಗ್ಯದ ಕಾರಣ ಕೊಟ್ಟು ಗೌರವವಾಗಿ ಬಿಡಿ."

"ಮತ್ತೆ ನೋಡಲೇಬೇಕು" ಎಂದೆ. "ನಿಮ್ಮ ಕಿರಿಯ ವೈದ್ಯೆಗೆ ಕೊಡಿ. ಗೋಡೆಯ ಮೇಲಿರುವುದನ್ನು ಮೊದಲು ಕಿತ್ತುಹಾಕಿ."

"ಅದನ್ನ ಬರೆದುಕೊಂಡು ಬಂದವ್ರು ನೀವೇ" ಎಂದರು. ನನ್ನ ವಿದ್ಯಾರ್ಥಿ. ಚೆನ್ನಾಗಿ ಕಲಿತಿದ್ದಾರೆ. ಹೇಳಿಕೆಯ ಇನ್ನೊಂದು ಪ್ರತಿಯನ್ನು ಮೇಲಿನವರಿಗೆ ನಾನೇ ಅಂಚೆಗೆ ಹಾಕಿದೆ. ಲಕೋಟೆಯ ತುಂಡನ್ನೂ ಅದರೊಳಗೆ ಇಟ್ಟೆ.

ಅಲ್ಲಿಂದ ಉಸಿರಪ್ಪನನ್ನು ಹುಡುಕಿ ಹೋದೆ. ಕಾಗದಗಳನ್ನು ನಕಲು ತೆಗೆಯುವ ಅಂಗಡಿಯೊಂದರಲ್ಲಿ ನಿಂತಿದ್ದಾನೆ. ಯಂತ್ರದ ಬೆಳಕು ಬಂದು ಹೋಗುವುದಷ್ಟೇ ನನಗೆ ಕಂಡಿತು. ಸಂಗತಿಯನ್ನೆಲ್ಲ ಹೇಳಿದೆ. ವಾಪಸು ಕರೆಸಲು ಪ್ರಯತ್ನಿಸುತ್ತೇನೆ ಎಂದೆ.

"ಬೇಡ ಸಾರ್. ಇಲ್ಲಿ ಯಾರಿಗೂ ಉಸಿರು ಹಿಡೀರಿ ಅನ್ನಬೇಕಾಗಿಲ್ಲ" ಎಂದ. ಆಮೇಲೆ, "ಹದಿನೆಂಟು ವರ್ಷ ನೀವು ಸಹಿ ಹಾಕಿದ್ದನ್ನ ನಾನು ಓದದೇನೇ ನಂಬಿದ್ದೆ. ನೀವೂ ಒಂದ್ಸಲ ಹಾಗೇ ಮಾಡಿದ್ರಿ, ಅಷ್ಟೇ ತಾನೇ" ಎಂದ.

ಗಿರಾಕಿ ಕೂಗಿದರು. ರಸ್ತೆ ದಾಟಿಸಲು ಮಾತ್ರ ಕೈ ಹಿಡಿದುಕೊಂಡು ಬಂದ. ದಾಟಿಸಿ ಅಂಗಡಿಗೆ ಮರಳಿದ.

ಆಗಸ್ಟ್ ೯, ಶುಕ್ರವಾರ

ಶಿಕ್ಷಕಿ ಮನೆಗೆ ಹೋಗಿದ್ದಾರೆ. ಕಾಮಾಲೆ ಇಳಿದಿದೆ, ನಡೆದಾಡುತ್ತಾರೆ. ಶಾಲೆಯವರು ಅವರ ಜಾಗಕ್ಕೆ ಬೇರೊಬ್ಬರನ್ನು ತೆಗೆದುಕೊಂಡಿದ್ದಾರೆ. ಕಿರಿಯ ವೈದ್ಯೆ ಬರೆದ ಚೀಟಿಯನ್ನು ನನ್ನಾಕೆಯ ಜೊತೆ ಹೋಗಿ ಕೊಟ್ಟು ಬಂದೆ. ಅದರಲ್ಲಿ ಏನಿದೆಯೆಂದು ಓದಿಸಿ ತಿಳಿದುಕೊಂಡಿದ್ದೆ: ಈಕೆಗೆ ಕ್ಷಯ ಇಲ್ಲ, ಎಂದೂ ಇರಲಿಲ್ಲ.

ತಾಯಿ ಒಳಗಿದ್ದರು. ಮಗಳೇ ಬಾಗಿಲ ಬಳಿ ಕುರ್ಚಿ ಹಾಕಿದರು. "ಮತ್ತೆ ನೆರಳು ಏನು ಸಾರ್ ಅದು? ಅಷ್ಟು ದಿನ ಮಾತ್ರೆ ನುಂಗಿದ್ನಲ್ಲ, ಎದೆಯಲ್ಲಿ ಏನಿತ್ತು?"

ಇದನ್ನು ಆಕೆಗೆ ಇದುವರೆಗೆ ಯಾರೂ ಹೇಳಿರಲಿಲ್ಲ. ನಿಮ್ಮ ಎದೆಯಲ್ಲಿ ಏನೂ ಇರಲಿಲ್ಲ, ಅದು ನಿಮ್ಮ ಜಡೆ, ನಾನು ತಪ್ಪಾಗಿ ಓದಿದೆ ಎಂದೆ.

 ಆಕೆ ಅಳುತ್ತಿದ್ದರೋ, ನಗುತ್ತಿದ್ದರೋ, ನನ್ನನ್ನೇ ದಿಟ್ಟಿಸುತ್ತಿದ್ದರೋ ತಿಳಿಯುವ ದಾರಿಯಿರಲಿಲ್ಲ. ಮುಖವಿರಬೇಕಾದಲ್ಲಿ ಬೂದು ಕಲೆಯಷ್ಟೇ ಇತ್ತು. ಅಂಚಿನಲ್ಲಿ ಮಾತ್ರ ಕಂಡಿತು. ಒಂದು ಕೈ ಮೇಲಕ್ಕೆದ್ದು ಬಲಭುಜದ ಬಳಿಗೆ ಹೋಗಿ, ಅಲ್ಲಿ ಸ್ವಲ್ಪ ಹೊತ್ತು ತಡಕಾಡಿ, ಬರಿದಾಗಿ ಮಡಿಲಿಗಿಳಿಯಿತು.